ಹದಿನೇಳನೆಯ ಕಾರ್ಡು

ನವೆಂಬರ್ 27, ಸೋಮವಾರ. ಬೆಳಗಿನ ಜಾವ 3.40

ಟ್ರ್ಯಾಕ್ಟರ್ ಸದ್ದಿಗೆ ಎಚ್ಚರ. ಕಬ್ಬು ಕಡಿಯಲು ಇನ್ನೊಂದು ತಂಡ ಹೊರಟಿತು. ಟ್ರಾಲಿಯಲ್ಲಿ ಪಾತ್ರೆ, ಕೋಳಿ, ಕೂಸುಗಳು. ನಮ್ಮ ಪಾಪುವೂ ಎದ್ದ. ಹಾಲು ಕುಡಿದು ಮಲಗಿದ. ನನಗೆ ನಿದ್ದೆಯಿಲ್ಲ.

ಹೆರಿಗೆ ರಜೆ ಮುಗಿದು ಎರಡು ವಾರ. ಏಳನೇ ಕ್ಲಾಸಿನ ಮುಖಗಳು ಇನ್ನೂ ಗುರುತಾಗಿಲ್ಲ, ನಂಬರುಗಳು ಮಾತ್ರ. ತಲೆಗೊಂದು ನಂಬರಿರುವ ರಟ್ಟಿನ ಕಾರ್ಡು, ನಾಲ್ಕು ಅಂಚಿಗೆ ನಾಲ್ಕು ಆಯ್ಕೆ. ಸರಿಯೆನಿಸಿದ ಆಯ್ಕೆಯ ಅಂಚು ಮೇಲಾಗುವಂತೆ ಎತ್ತಿ ಹಿಡಿಯಬೇಕು. ನಾನು ಆ್ಯಪ್ ತೆರೆದು ಮೊಬೈಲ್ ಕ್ಯಾಮೆರಾ ಕ್ಲಾಸಿನತ್ತ ಆಡಿಸಿದರೆ ಎಲ್ಲರ ಉತ್ತರ ಪರದೆ ಮೇಲೆ. ಹಾಜರಿಯೂ ಅದರಲ್ಲೇ. ಮೊದಲೆಲ್ಲ ಗಣಿತದ ಪೀರಿಯಡ್ ಅಂದರೆ ಮುಂದಿನ ಬೆಂಚಿನ ನಾಲ್ವರದೇ ದನಿ. ಈಗ ಇಡೀ ಕ್ಲಾಸು ಕೈ ಎತ್ತುತ್ತದೆ.

ಆದರೆ ಹದಿನೇಳು... ಕೋಮಲ್. ಭಿನ್ನರಾಶಿಯಲ್ಲಿ ಬರೀ ತಪ್ಪು. ಒಂದು ವಾರದಿಂದ ಹೆಚ್ಚುಕಡಿಮೆ ಎಲ್ಲ ಸರಿ. ಹೇಗೆ?

ಅದೇ ದಿನ, ಸಂಜೆ

ಹೆಡ್ ಸರ್ ಹತ್ತಿರ ಅಂದೆ. ನಕ್ಕರು. "ಮಕ್ಕಳು ಬಾಯಿ ಬಿಡ್ಲಿಲ್ಲ ಅಂದ್ರೂ ನಿಮಗೆ ಚಿಂತೆ, ಬಿಟ್ರೆ ಅನುಮಾನ. ಪಾಪು ಜೊತೆ ನೀವೂ ಸ್ವಲ್ಪ ನಿದ್ದೆ ಮಾಡಿ ಮೇಡಂ."

ಆ್ಯಪ್ ಕೆಟ್ಟಿರಬಹುದೇ?

ನವೆಂಬರ್ 28

ಆ್ಯಪ್ ಸರಿಯಿದೆ. ಹದಿನೇಳು, ಹದಿನೆಂಟು — ಪ್ರತಿ ಸಲ ಒಂದೇ ಉತ್ತರ. ತಪ್ಪಿದರೂ ಒಂದೇ ತಪ್ಪು. ಹದಿನೆಂಟು ಉಜ್ವಲಾ, ಕೋಮಲ್‌ಳ ಜೀವದ ಗೆಳತಿಯಂತೆ. ಕಾಪಿಯೇ. ನಾಳೆ ಬೇರೆ ಬೇರೆ ಕೂರಿಸಬೇಕು.

ಡಿಸೆಂಬರ್ 1, ಶುಕ್ರವಾರ

ಎರಡು ದಿನ ಪಾಪುವಿಗೆ ಜ್ವರ. ರಜೆ.

ಇವತ್ತು ಮೊಬೈಲ್ ಚೀಲದಲ್ಲೇ ಬಿಟ್ಟೆ. "ಕೋಮಲ್, ಬೋರ್ಡಿಗೆ ಬಾ."

ಯಾರೂ ಏಳಲಿಲ್ಲ. ಕೊನೆಯ ಬೆಂಚಿನಲ್ಲಿ ಉಜ್ವಲಾ. ಎರಡು ಕೈಯಲ್ಲೂ ಒಂದೊಂದು ಕಾರ್ಡು — ಹದಿನೇಳು, ಹದಿನೆಂಟು.

"ಅವಳೆಲ್ಲಿ?"

"ಬರ್ತಾಳೆ ಮೇಡಂ. ಅವಳೇ ಕೊಟ್ಟು ಹೋದ್ಲು. ಎತ್ತದಿದ್ರೆ ನನ್ನ ಹೆಸರು ಹೊಡೆದು ಹಾಕ್ತಾರೆ, ವಾಪಸ್ ಬಂದಾಗ ಜಾಗ ಇರಲ್ಲ ಅಂದ್ಲು." ಆಮೇಲೆ ಮೆಲ್ಲಗೆ, "ಸುಮ್‌ಸುಮ್ನೆ ಎತ್ತಿಲ್ಲ ಮೇಡಂ. ಲೆಕ್ಕ ಮಾಡೇ ಎತ್ತಿದ್ದೀನಿ."

ಮೂರು ದಿನ ಗೈರಾದರೆ ಮನೆಗೆ ಹೋಗಿ ವಿಚಾರಿಸುವುದು ನಮ್ಮ ಶಾಲೆಯ ರೂಢಿ. ಕೋಮಲ್ ಒಂದು ದಿನವೂ ಗೈರಾಗಿಲ್ಲ. ಪರದೆಯ ಮೇಲೆ.

ಅವಳ ಮನೆಗೆ ಬೀಗ. ಪಕ್ಕದಲ್ಲೇ ಉಜ್ವಲಾಳ ಮನೆ. ಅವಳ ತಾಯಿ ಕಾಂತಾಬಾಯಿ ಕುಡುಗೋಲು ಮಸೆಯುತ್ತಿದ್ದರು.

"ಕೋಮಲ್‌ದು ನಾಳೆ ಬೆಳಿಗ್ಗೆ ಮದುವೆ. ತುಳಸಿ ಲಗ್ನ ಮುಗೀತಲ್ಲ, ಮುಹೂರ್ತ ಸಿಕ್ತು."

"ಅವಳಿಗಿನ್ನೂ ಹದಿಮೂರು!"

"ಕಬ್ಬಿಗೆ ಜೋಡಿನೇ ಬೇಕು ಮೇಡಂ. ಗಂಡ ಕಡೀಬೇಕು, ಹೆಂಡ್ತಿ ಹೊರೆ ಕಟ್ಟಬೇಕು. ಒಂಟಿ ಹುಡುಗನ್ನ ಕೂಲಿಗೆ ಕರ್ಕೊಂಡು ಹೋಗೋ ಮುಕಾದಮ್ ಗಾಡಿ ಹತ್ತಿಸಲ್ಲ. ನಂದೂ ಹಂಗೇ ಆಗಿದ್ದು. ನನ್ನ ಹುಡುಕ್ಕೊಂಡು ಯಾವ ಮೇಡಮ್ಮೂ ಬರಲಿಲ್ಲ."

"ಯಾವ ಊರಲ್ಲಿ?"

ಕುಡುಗೋಲು ನಿಂತಿತು. "ಸಕ್ಕರೆ ಕಾರ್ಖಾನೆ ಆಚೆ ಎಲ್ಲೋ. ಕೇಳಿ ಹೇಳ್ತೀನಿ. ನಂಬರ್ ಕೊಟ್ಟು ಹೋಗಿ." ನನ್ನ ಮುಖ ನೋಡಲಿಲ್ಲ.

ರಾತ್ರಿ 1.15

ಮಕ್ಕಳ ಸಹಾಯವಾಣಿಯವರು ಸಿದ್ಧ. ಪೊಲೀಸರೂ ಸಿದ್ಧ. ಊರು ಯಾವುದು ಹೇಳಿ, ಹೊರಡುತ್ತೇವೆ ಅನ್ನುತ್ತಾರೆ. ಕಾರ್ಖಾನೆ ಆಚೆ ಊರುಗಳಿಗೆ ಬರವೇ?

ಕಾಂತಾಬಾಯಿಯ ಫೋನ್ ಸ್ವಿಚ್ ಆಫ್. ನಮ್ಮ ಮನೆಯವರು ಬೈಕಿನಲ್ಲಿ ಹೋಗಿ ಬಾಗಿಲು ತಟ್ಟಿ ಬಂದರು. ಒಳಗೆ ದೀಪವಿತ್ತು, ತಟ್ಟಿದ ಮೇಲೆ ಆರಿತಂತೆ. ಗೊತ್ತಿದ್ದೂ ಹೇಳುತ್ತಿಲ್ಲ. ಅಥವಾ ಹೆದರಿದ್ದಾರೆ. ಅಥವಾ ನಾಳೆ ಕಾಂತಾಬಾಯಿಯೂ ಅದೇ ಟ್ರಾಲಿ ಹತ್ತಬೇಕು...

ಪಾಪು ಮಡಿಲಲ್ಲಿ, ಮೊಬೈಲ್ ಕೈಯಲ್ಲಿ. ಆ್ಯಪ್ ತೆರೆದೆ. ಮಂಗಳವಾರದವರೆಗೂ ಹದಿನೇಳು ಹಸಿರು.

ಕಾಂತಾಬಾಯಿ, ಊರಿನ ಹೆಸರೊಂದೇ ಸಾಕು. ಹೇಳಿದ್ದು ನೀವು ಅಂತ ಯಾರಿಗೂ ಗೊತ್ತಾಗಲ್ಲ. ಬೆಳಗಾಗೋ ಮೊದಲು ಒಂದೇ ಒಂದು ಸಲ ಫೋನ್ ಮಾಡಿ. ನಿಮ್ಮಿಂದಾಗದಿದ್ದರೆ ಉಜ್ವಲಾಳ ಕೈಗೆ ಫೋನ್ ಕೊಡಿ, ಅವಳೂ ಮಲಗಿರಲ್ಲ, ಅವಳ ಕೈಲಾದರೂ —