ಹಡಗಜ್ಜನ ಹೊಸ ಕುಡಿ

ಫೋಟೋ ಕಟ್ಟಿನ ಅಂಗಡಿಯ ಹಿಂದಿನ ಕೋಣೆ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

'ಪ್ರೀತಿಯ' ಎಂದು ಬರೆದದ್ದು ಕೈಯ ರೂಢಿ. ಬರೆದಾಗಿದೆ, ಇರಲಿ, ಅದಕ್ಕೋಸ್ಕರ ಇನ್ನೊಂದು ಹಾಳೆ ಹಾಳು ಮಾಡುವುದು ಬೇಡ. ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಆ ಊರು ಬರೀ ಏರು, ಬರೀ ಮೆಟ್ಟಿಲು ಎಂದು ಹೋದ ಸಲ ಹೇಳಿದ್ದಿರಿ. ಇಲ್ಲಿದ್ದಾಗ ಅಟ್ಟ ಹತ್ತಿ ಒಂದು ಹಲಗೆ ಇಳಿಸಿಕೊಡಿ ಎಂದರೆ ಮಂಡಿ ಹಿಡಿದುಕೊಂಡು ಕೂತುಬಿಡುತ್ತಿದ್ದವರು, ಅಲ್ಲಿ ಗೋರಿಗಳ ಮೇಲಿನ ಹೆಸರು ಓದುವುದಕ್ಕೆ ಗುಡ್ಡ ಹತ್ತುತ್ತೀರಿ. ಸಂತೋಷ. ಇಲ್ಲಿ ಮಾವ ಚೆನ್ನಾಗಿದ್ದಾರೆ. ಎಡಗಣ್ಣಿನ ಪೊರೆ ತೆಗೆಸಿ ಆಯಿತು, ಹೊತ್ತು ಹೊತ್ತಿಗೆ ಹನಿ ಹಾಕುತ್ತಿದ್ದೇನೆ. ಆಪರೇಷನ್ನಿನ ದಿನ ನೀವು ಫೋನ್ ಮಾಡುತ್ತೀರಿ ಎಂದು ಪಟ್ಟಿ ಕಟ್ಟಿಕೊಂಡ ಕಣ್ಣಿನಲ್ಲೇ ಫೋನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ನಿಮ್ಮ ಮಗಳು ಪುಟ್ಟಿ ಆಸ್ಪತ್ರೆಯ ಕೆಲಸ ಕಲಿಯುವುದರಲ್ಲಿ ಮುಳುಗಿದ್ದಾಳೆ, ರಜೆ ಸಿಕ್ಕಾಗ ಬಂದು ಒಂದು ದಿನವೆಲ್ಲ ನಿದ್ದೆ ಮಾಡಿ ಹೋಗುತ್ತಾಳೆ. ನನ್ನ ಹೆಬ್ಬೆರಳಿಗೆ ಗಾಜು ಹೊಡೆದಿತ್ತು, ಈಗ ವಾಸಿ. ನೀವು ಕೇಳಲಿಲ್ಲ, ಆದರೂ ಹೇಳಿದೆ.

ಈ ಕಾಲದಲ್ಲಿ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀರಿ. ನೀವು ಫೋನು ಎತ್ತುವುದು ಅಪರೂಪ. ಎತ್ತಿದರೆ ಮಾವ ಪಕ್ಕದಲ್ಲಿ ಬಂದು ಕೂರುತ್ತಾರೆ, 'ಜೋರಾಗಿಡು, ನನ್ನ ಮಗ ಏನಂತಾನೆ ನಾನೂ ಕೇಳ್ಬೇಕು' ಎನ್ನುತ್ತಾರೆ. ನಾನು ಹೇಳಬೇಕಾದ್ದು ಅವರ ಕಿವಿಗೆ ಬೀಳಬಾರದು. ಅದಕ್ಕೇ ಅವರು ಊಟ ಮಾಡಿ ಒರಗಿದ ಮೇಲೆ, ಅಂಗಡಿಯ ಬಾಗಿಲು ಹಾಕಿಕೊಂಡು, ಗಾಜು ಕೊಯ್ಯುವ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದೂ ಇದೇ ಮೇಜಿನ ಮೇಲೆ, ನೆನಪಿದೆಯಾ? ಯಾರೋ ವಕೀಲರು ತಮ್ಮ ವಂಶವೃಕ್ಷ ಬರೆಸಿಕೊಂಡು ಕಟ್ಟು ಹಾಕಿಸಲು ತಂದಿದ್ದರು. ನೀವು ಅಳತೆ ತೆಗೆಯುವುದು ಬಿಟ್ಟು ಬೇರಿನಿಂದ ಎಲೆಯವರೆಗೂ ಓದಿದಿರಿ. 'ನಮ್ಮದು ಇದಕ್ಕಿಂತ ಉದ್ದ ಇರ್ಬೇಕು ಕಣೇ, ನಮ್ಮ ಹಡಗಜ್ಜ ಪೋರ್ಚುಗೀಸಿನವನು' ಎಂದಿರಿ. ಹಡಗಜ್ಜನ ಕತೆ ನಾನು ಈ ಮನೆಗೆ ಬಂದ ದಿನದಿಂದ ಕೇಳಿದ್ದು. ಮಾವನ ಮುತ್ತಜ್ಜ, ಹಡಗಿನ ಬಡಗಿ, ಸಮುದ್ರ ದಾಟಿ ಬಂದು ಇಲ್ಲೇ ನಿಂತವನು. ಅವನಿಗೆ ಆಧಾರವೆಂದರೆ ನಿಮ್ಮ ಮನೆಯವರ ಮೂಗು, ನಿಮ್ಮ ಸೋದರತ್ತೆಯ ಬೆಕ್ಕಿನ ಕಣ್ಣು, ಅಷ್ಟೇ. ಆಮೇಲೆ ನೀವು, ಉಗುಳು ತುಂಬಿ ಕಳಿಸಿದರೆ ವಂಶ ಹೇಳುವ ಆ ಡಿಎನ್‌ಎ ಡಬ್ಬಿಗಳನ್ನು ತರಿಸಿದಿರಿ. ಮಾವನಿಗೆ ಬಾಯಿ ಒಣಗಿ ಉಗುಳು ಬರದೆ, ನೀವು ಎದುರಿಗೆ ಹುಣಿಸೆಹಣ್ಣು ಹಿಡಿದು ನಿಂತು, 'ನನ್ನ ವಯಸ್ಸಿನವರು ಉಗುಳಿದ್ರೆ ಬೈತಾರೆ, ನೀನು ಡಬ್ಬಿ ಹಿಡ್ಕೊಂಡು ಉಗುಳು ಅಂತೀಯಲ್ಲೋ' ಎಂದು ಅವರು ನಕ್ಕಿದ್ದು, ನಾನೂ ನಕ್ಕಿದ್ದು. ಪುಟ್ಟಿ ಮಾತ್ರ 'ನನ್ನ ಉಗುಳು ನನ್ನ ಹತ್ರಾನೇ ಇರ್ಲಿ ಅಪ್ಪಾ' ಎಂದು ಜಾರಿಕೊಂಡಳು. ಫಲಿತಾಂಶ ಬಂದಾಗ ಮಾವನ ರಕ್ತದಲ್ಲಿ ಪೋರ್ಚುಗೀಸಿನದು ನೂರಕ್ಕೆ ಹನ್ನೊಂದು ಪಾಲು. ನಿಮ್ಮದರಲ್ಲಿ ಆರೋ ಏನೋ. ನೀವು ಆ ಆರನ್ನು ತಲೆಯ ಮೇಲೆ ಹೊತ್ತು ಬೀದಿಯೆಲ್ಲ ಮೆರೆದಿರಿ. ಮಿಕ್ಕ ತೊಂಬತ್ತನಾಲ್ಕು ಪಾಲು ಯಾರದ್ದು ಎಂದು ಒಂದು ದಿನವಾದರೂ ವಿಚಾರಿಸಿದಿರಾ?

ಉಗುಳು ದೇಶ ಹೇಳಿತು, ಊರು ಹೇಳಲಿಲ್ಲ. ಊರು ಹುಡುಕಿಕೊಟ್ಟವಳು ನಾನು. ಇದನ್ನು ನೀವು ಅಲ್ಲಿನ ನೆಂಟರ ಮುಂದೆ ಎಂದೂ ಹೇಳಿರಲಿಕ್ಕಿಲ್ಲ. ನಿಮಗೆ ದೂಳು ಕಂಡರೆ ಸೀನು, ಅದಕ್ಕೆ ಬಂದರಿನ ಕಚೇರಿಯ ಆ ಮುಗ್ಗಲು ಕೋಣೆಯಲ್ಲಿ ಕೂತು ಹಳೆಯ ಹಡಗುಗಳ ಸಿಬ್ಬಂದಿ ಪಟ್ಟಿ ತಿರುವಿದವಳು ನಾನು. ಅಂಗಡಿ ಮುಚ್ಚಿ, ಮಾವನಿಗೆ ಬಡಿಸಿ, ಓಡಿ ಹೋಗಿ, ಕಚೇರಿಯವರು ಬಾಗಿಲು ಹಾಕುವವರೆಗೂ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ಸಿಕ್ಕಿದ ನಿಮ್ಮ ಅಜ್ಜ. ಬಡಗಿ, ಇಂಥ ಊರಿನವನು, ನೀರು ತರಲು ದಡಕ್ಕೆ ಇಳಿದವನು ತಿರುಗಿ ಹತ್ತಲಿಲ್ಲ ಎಂದು ಬರೆದಿತ್ತು. ನಾನು ಕೋಣೆಯ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ನಿಮಗೆ ಫೋನು ಮಾಡಿ ಕೂಗಿದೆ, ದಾರಿಯವರು ತಿರುಗಿ ನೋಡುವ ಹಾಗೆ. ಎಷ್ಟು ಖುಷಿಯಾಗಿತ್ತು ಗೊತ್ತಾ ನನಗೆ? ನಿಮಗೊಂದು ಊರು ಹುಡುಕಿಕೊಟ್ಟೆನೆಂದು. ಆ ಊರಿಗೇ ನೀವು ಇಪ್ಪತ್ತು ದಿನಕ್ಕೆಂದು ಹೋದಿರಿ. ಬರುವ ಚಳಿಗಾಲಕ್ಕೆ ಮೂರು ವರ್ಷ.

ಮೊದಮೊದಲು ಎಷ್ಟು ಸುದ್ದಿ ಬರುತ್ತಿತ್ತು! ಚರ್ಚಿನ ಪುಸ್ತಕ ಸಿಕ್ಕಿತು, ಅಜ್ಜ ಹುಟ್ಟಿದ ತಾರೀಖು ಸಿಕ್ಕಿತು, ಅಜ್ಜನ ಅಪ್ಪನೂ ಬಡಗಿ. ಹಳೆಯ ಬರಹ ನಿಮಗೆ ಓದಲು ಬಾರದು, ದಾಖಲೆ ಕಚೇರಿಯಲ್ಲಿ ಓದಿಕೊಡುವವಳೊಬ್ಬಳಿದ್ದಾಳೆ, ಬಹಳ ತಾಳ್ಮೆಯವಳು ಎಂದಿರಿ. ಪಾಪ, ಒಳ್ಳೆಯವಳು, ಅವಳಿಗೊಂದು ಚಿಕ್ಕ ಕನ್ನಡಿಗೆ ಕಟ್ಟು ಹಾಕಿ ಕಳಿಸಲಾ ಎಂದು ಕೇಳಿದವಳು ನಾನೇ. ಕಳಿಸಿದೆ ಕೂಡ. ತೇಗದ ಕಟ್ಟು. ಆಮೇಲಾಮೇಲೆ ಅವಳ ಮಾತು ನಿಮ್ಮ ಬಾಯಲ್ಲಿ ನಿಂತೇಹೋಯಿತು. ನಾನು ದಡ್ಡಿ, ಹಳೆಯ ಬರಹ ಓದುವುದನ್ನು ನೀವೇ ಕಲಿತಿರಿ ಎಂದುಕೊಂಡೆ.

ಇನ್ನೊಂದು ದಿನದ ಫೋನು ನನಗೆ ಮರೆಯುವುದಿಲ್ಲ. ಹಡಗಜ್ಜನಿಗೆ ಅಲ್ಲಿ ಮೊದಲೇ ಒಬ್ಬ ಹೆಂಡತಿ ಇದ್ದಳಂತೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. 'ರಸಿಕ ಕಣೇ ನಮ್ಮಜ್ಜ, ಅಲ್ಲೊಂದು ಇಲ್ಲೊಂದು!' ಮಾವನೂ ನಕ್ಕರು. ಅವಳ ಗತಿ ಏನಾಯಿತು ಎಂದು ಕೇಳಿದೆ. ಮುದುಕಿಯಾಗಿ ಸತ್ತಳು, ಹೂಳಿದವರ ಪುಸ್ತಕದಲ್ಲಿ 'ದೇಶಾಂತರ ಹೋದವನ ಹೆಂಡತಿ' ಎಂದು ಬರೆದಿದ್ದಾರೆ, ಹೆಸರೂ ಸರಿಯಾಗಿ ಕಾಣುವುದಿಲ್ಲ ಎಂದಿರಿ. ವಂಶವೃಕ್ಷದಲ್ಲಿ ಅವಳನ್ನು ಎಲ್ಲಿ ಬರೆಯಲಿ ಎಂದರೆ, 'ಅವಳು ನಮ್ಮ ಸಾಲಿಗೆ ಬರಲ್ಲ, ಬಿಡು' ಎಂದಿರಿ. ನನಗೆ ಮೈಯೆಲ್ಲ ಉರಿಯಿತು. ಜೀವಮಾನವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಮುದ್ರ ನೋಡಿದವಳು ಸಾಲಿಗೆ ಬರುವುದಿಲ್ಲ, ನೀರು ತರುತ್ತೇನೆಂದು ಇಳಿದು ಕೈಕೊಟ್ಟವನು ಸಾಲಿನ ತಲೆ! ಅವತ್ತೇ ನಿಮಗಿದನ್ನು ಹೇಳಬೇಕಿತ್ತು. ಮಾವ ಪಕ್ಕದಲ್ಲಿದ್ದರು, ನುಂಗಿಕೊಂಡೆ.

ನೆಂಟರ ಫೋಟೋಗಳೂ ಬಂದವು. ಆರನೇ ತಲೆಮಾರಿನ ಅಣ್ಣ, ಏಳನೇ ತಲೆಮಾರಿನ ಅತ್ತಿಗೆ. ಉದ್ದ ಮೇಜಿನ ಸುತ್ತ ಗುರುತಿಲ್ಲದ ಜನ, ನಡುವೆ ಮದುಮಗನ ಹಾಗೆ ನೀವು. ಮಾವ ಒಂದೊಂದು ಮುಖವನ್ನೂ ಬೆರಳಿಟ್ಟು ನೋಡಿ, 'ಇವನ ಮೂಗು ನೋಡೇ, ಥೇಟ್ ನಮ್ಮದೇ' ಎನ್ನುತ್ತಿದ್ದರು. ಇನ್ನೂರು ವರ್ಷದ ಹಿಂದಿನ ಗೋರಿಯಲ್ಲಿರುವವರಿಗೆ ಮೂಗೆಲ್ಲಿತ್ತು ಕಣ್ಣೆಲ್ಲಿತ್ತು ಎಂದು ಹುಡುಕುವ ಮಗನಿಗೆ ಇಲ್ಲಿ ಉಸಿರಾಡುವ ಅಪ್ಪನ ಕಣ್ಣಿನ ಪೊರೆ ನೆನಪಾಗಲಿಲ್ಲ. ಕೇಳಿದರೆ ಪೌರತ್ವದ ಕಾಗದಪತ್ರ ಆಗಲಿ, ನಿಮ್ಮನ್ನೆಲ್ಲ ಅಲ್ಲಿಗೇ ಕರೆಸಿಕೊಳ್ಳುತ್ತೇನೆ ಎಂಬ ಮಾತು. ಆ ಮಾತು ನಂಬಿ ಮಾವ ಹೊಸ ಬೂಟು ಕೊಂಡಿಟ್ಟಿದ್ದಾರೆ. ಹಾಕಿಕೊಳ್ಳುವುದಿಲ್ಲ, ಸವೆಯುತ್ತದಂತೆ.

ಇನ್ನು ವಿಷಯಕ್ಕೆ ಬರುತ್ತೇನೆ. ಆ ಡಿಎನ್‌ಎ ಕಂಪನಿಯ ಜಾಲತಾಣದಲ್ಲಿರುವ ಮಾವನ ಖಾತೆಯಲ್ಲಿ, ರಕ್ತ ಹೊಂದುವ ಹೊಸ ನೆಂಟರು ಬಂದರೆ ನೋಡುತ್ತಿರು ಎಂದು ನೀವೇ ಒಪ್ಪಿಸಿ ಹೋಗಿದ್ದಿರಲ್ಲ, ಬುಧವಾರ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ಎಂದಿನಂತೆ ದೂರದ ದಾಯಾದಿಗಳ ಹಿಂಡು ಇರುತ್ತದೆ ಎಂದುಕೊಂಡರೆ ಎಲ್ಲರಿಗಿಂತ ಮೇಲೆ, ನಿಮ್ಮ ಹೆಸರಿನ ಕೆಳಗೇ, ಹೊಸದೊಂದು ಗೆರೆ. ಗಂಡು. ವಯಸ್ಸು ಎರಡರ ಒಳಗೆ. ಮಾವನಿಗೂ ಅದಕ್ಕೂ ಸಂಬಂಧ: ಮೊಮ್ಮಗು. ಹೆಸರಿನ ಜಾಗದಲ್ಲಿ ಎರಡು ಅಕ್ಷರ, ಅಷ್ಟೇ. ಮೊದಲು ನಮ್ಮ ಪುಟ್ಟಿಯೇನೋ ಎಂದುಕೊಂಡೆ, ಎಷ್ಟು ಪೆದ್ದಿ ನೋಡಿ. ಪುಟ್ಟಿ ಉಗುಳಿಯೇ ಇಲ್ಲ, ಗಂಡೂ ಅಲ್ಲ, ಅವಳಿಗೆ ಇಪ್ಪತ್ತೊಂದು. ಮಾವನಿಗೆ ಬೇರೆ ಮಕ್ಕಳಿಲ್ಲ, ಇರುವವನು ಒಬ್ಬನೇ ಮಗ. ಆಮೇಲೆ ಕೆಳಗೆ ನೋಡಿದೆ, ಈ ಮಗುವಿನ ಖಾತೆ ನೋಡಿಕೊಳ್ಳುವವರು ಎಂಬಲ್ಲಿ ನಿಮ್ಮ ಪೂರ್ತಿ ಹೆಸರು, ನಿಮ್ಮ ಫೋಟೋ, ಹಲ್ಲು ಕಿರಿದುಕೊಂಡು.

ಅಲ್ಲ ರೀ, ಬೇರೆ ಗಂಡಸರು ಅಂಗಿಯ ಮೇಲಿನ ಕೂದಲಿನಿಂದ ಸಿಕ್ಕಿಬೀಳುತ್ತಾರೆ. ನೀವು ನಿಮ್ಮ ಕೈಯಾರೆ ಕೂಸಿನ ಕೆನ್ನೆಯೊಳಗೆ ಹತ್ತಿಕಡ್ಡಿ ತಿರುಗಿಸಿ, ಡಬ್ಬಿಗೆ ಹಾಕಿ, ವಿಳಾಸ ಬರೆದು ಕಳಿಸಿ ಸಿಕ್ಕಿಬಿದ್ದಿರಿ! ಅದಕ್ಕೆ ಉಗುಳಲೂ ಬರುವುದಿಲ್ಲವಲ್ಲ ಇನ್ನೂ. ಯಾಕೆ ಮಾಡಿದಿರಿ ಎಂದು ನನಗೆ ಚೆನ್ನಾಗಿ ಗೊತ್ತು. ತಾಯಿಯ ಕಡೆಯದೂ ಸೇರಿ ನೂರಕ್ಕೆ ಎಷ್ಟು ಪಾಲು ಬಂತು ಎಂದು ನೋಡದೆ ನಿಮಗೆ ಅನ್ನ ಇಳಿಯುತ್ತಿರಲಿಲ್ಲ. ನಾನೇ ನೋಡಿ ಹೇಳುತ್ತೇನೆ ಕೇಳಿ, ಐವತ್ತನಾಲ್ಕು. ತೃಪ್ತಿಯಾಯಿತಾ? ಅಪ್ಪನ ಖಾತೆಗೂ ಅದು ಕಾಣುತ್ತದೆ ಎನ್ನುವುದು ಆ ಖುಷಿಯಲ್ಲಿ ಮರೆತೇಹೋಗಿರಬೇಕು. ಅಥವಾ ಇಲ್ಲಿ ಒಬ್ಬಳು ದಿನಾ ತೆರೆದು ನೋಡುತ್ತಾಳೆ ಎನ್ನುವುದು ಮರೆತಿರಬೇಕು. ಎರಡನೆಯದೇ ಇರಬೇಕು.

ನಾನು ಅತ್ತೆನಾ ಎಂದು ಕೇಳಬೇಡಿ. ಗುರುವಾರ ಕೊಡಬೇಕಾದ ಮದುವೆಯ ಫೋಟೋ ಒಂದಿತ್ತು, ಕಟ್ಟಿನ ಮೂಲೆ ಎರಡು ಸಲ ತಪ್ಪು ಕೊಯ್ದೆ. ಅಷ್ಟೇ ಹೇಳುತ್ತೇನೆ.

ನನಗಾಗಿ ನಾನು ನಿಮ್ಮಿಂದ ಏನೂ ಕೇಳುವುದಿಲ್ಲ. ನಿಮ್ಮ ಮಾತು ನಂಬುವ ಕಾಲ ಮುಗಿಯಿತು. ಆದರೆ ಮಾವ ಇದ್ದಾರಲ್ಲ. ಅವರು ಸಂಜೆಯಾದರೆ 'ಹೊಸ ನೆಂಟರು ಯಾರಾದ್ರೂ ಸಿಕ್ಕಿದ್ರಾ?' ಎಂದು ಕೇಳುತ್ತಾರೆ. 'ಯಾರೂ ಇಲ್ಲ ಮಾವ' ಎನ್ನುತ್ತೇನೆ. ನಿಮ್ಮ ಪರವಾಗಿ ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆ ಕಹಿಯಾಗಿದೆ. ಈ ವಾರ ಅವರಿಗೂ ಯಾಕೋ ಊಟ ಸೇರುತ್ತಿಲ್ಲ. ತಮ್ಮ ತಟ್ಟೆ ತಾವೇ ತೊಳೆಯಲು ಹೋಗುತ್ತಾರೆ, 'ನೀನು ಉಂಡ್ಯಾ, ನೀನು ಉಂಡ್ಯಾ' ಎಂದು ಹಿಂದೆ ಹಿಂದೆ ಬರುತ್ತಾರೆ. ವಯಸ್ಸು. ಈ ಸುದ್ದಿ ಹೊರಗಿನವರಿಂದ ಕೇಳಿದರೆ ಅವರು ಉಳಿಯುವುದಿಲ್ಲ, ನನ್ನ ಬಾಯಿಂದ ಕೇಳಿದರೆ ಮಗನ ಮೇಲೆ ಸೊಸೆ ಚಾಡಿ ಹೇಳಿದ ಹಾಗೆ. ಆದ್ದರಿಂದ ಬನ್ನಿ. ಬರುವ ತಿಂಗಳೊಳಗೆ ಬನ್ನಿ. ಬಂದು ಅವರ ಎದುರಿಗೆ ಕೂತು, ಕಣ್ಣಿಗೆ ಕಣ್ಣಿಟ್ಟು, ನಿಮ್ಮ ಬಾಯಿಂದಲೇ ಹೇಳಿ. ಬೈದರೆ ಬೈಸಿಕೊಳ್ಳಿ, ಹೊಡೆದರೆ ಹೊಡೆಸಿಕೊಳ್ಳಿ. ಮೂರು ದಿನ ಇದ್ದು ಹೋಗಿ. ಅಲ್ಲಿಯವರೆಗೆ ನಾನು ಸುಳ್ಳು ಹೇಳುತ್ತಿರುತ್ತೇನೆ, ಅವರಿಗೋಸ್ಕರ. ಇದೊಂದು ಮಾಡಿ.

ಕಾಗದ ಬರೆಯುತ್ತೇನೆ ಎಂದಾಗ ಆಶೀರ್ವಾದ ತಿಳಿಸು ಎಂದರು ಮಾವ. ತಿಳಿಸಿದ್ದೇನೆ. ಮಂಡಿಗೆ ಬಿಸಿನೀರು ಹಾಕಿಕೊಳ್ಳಿ.

ಇಂತು,
ಮನೆಯಲ್ಲೇ ಇರುವವಳು

ವಿ.ಸೂ.: ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ವಿಳಾಸ ಬರೆಯುವಾಗ ಮಾವ ಎದ್ದು ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. 'ಬರೆದ್ಯಾ? ಹಾಗಾದ್ರೆ ಮಗೂಗೆ ಏನು ಹೆಸರಿಟ್ಟಿದ್ದಾನೆ ಅಂತಾನೂ ಕೇಳು' ಎಂದರು. ನಿಮಗೆ ಹೇಗೆ ಗೊತ್ತು ಮಾವ ಎಂದೆ. 'ಫೋನೂ ನಂದು, ಉಗುಳೂ ನಂದು, ಸುದ್ದಿ ನಂಗೆ ಬರ್ದೆ ಇನ್ಯಾರಿಗೆ ಬರುತ್ತೆ? ಮಂಗಳವಾರಾನೇ ಬಂತು. ಔಷಧಿ ಅಂಗಡಿಯವನ ಹತ್ರ ಓದಿಸ್ದೆ' ಎಂದರು. ಮತ್ತೆ ನನಗೇಕೆ ಹೇಳಲಿಲ್ಲ ಎಂದೆ. 'ನಿಂಗೆ ಗೊತ್ತಾದ್ರೆ ನೀನೂ ಬಿಟ್ಟು ಹೋಗ್ತೀಯೇನೋ ಅಂತ' ಎಂದು ಅತ್ತುಬಿಟ್ಟರು. ಎಂಬತ್ತು ದಾಟಿದ ಮನುಷ್ಯ, ಹೊಲಿಗೆ ಮಾಯದ ಕಣ್ಣು. ಎಲ್ಲಿಗೂ ಹೋಗಲ್ಲ ಮಾವ, ಕಣ್ಣು ಉಜ್ಜಬೇಡಿ ಎಂದು ಹನಿ ಹಾಕಿ ಮಲಗಿಸಿ ಬಂದೆ. ಮಗುವಿನ ಹೆಸರನ್ನು ಅವರಿಗೇ ಬರೆಯಿರಿ, ನನಗೆ ಬೇಡ. ಮೇಲೆ ಬನ್ನಿ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕಿದ್ದೇನೆ ಎಂದು ತಿಳಿಯಿರಿ. ನೀವು ಬಂದು ಹೇಳಬೇಕಾದ್ದು ಇನ್ನು ಈ ಮನೆಯಲ್ಲಿ ಏನೂ ಉಳಿದಿಲ್ಲ. ಬರಬೇಡಿ.