ದೂರದ್ದು, ಹತ್ತಿರದ್ದು

ಶುಕ್ರವಾರ, ಸಂಜೆ

ಅಂಗಡಿಯವರಿಗೆ,

ಕವರಿನ ಮೇಲೆ ನನ್ನ ಕೈಬರಹ ಕಂಡ ಕೂಡಲೇ ಇದನ್ನು ವಕೀಲರ ಹತ್ತಿರ ಓಡಿಸಬೇಡಿ. ಮೊದಲು ಓದಿ, ಆಮೇಲೆ ಏನು ಬೇಕಾದರೂ ಮಾಡಿ. ನಿಮಗೆ ಬರೆಯಬೇಡಿ ಅಂತ ನನ್ನ ವಕೀಲರು ಕೈಮುಗಿದು ಹೇಳಿದ್ದಾರೆ. "ನೀವು ಒಂದಕ್ಷರ ಬರೆದ್ರೂ ಅದನ್ನೇ ಹಿಡ್ಕೊಂಡು ನಿಮ್ಮ ಮೇಲೆ ತಿರುಗಿಸ್ತಾರಮ್ಮ" ಅಂದರು. ತಿರುಗಿಸಲಿ. ಮುಳುಗಿದವಳಿಗೆ ಚಳಿಯೇನು, ಗಾಳಿಯೇನು.

ನಿಮ್ಮ ಕಡೆಯ ನೋಟಿಸು ಬಂದಿದೆ. ನಾನು ಮಗಳನ್ನು ಮರೆಯಲ್ಲಿ ನಿಂತು ಕದ್ದು ನೋಡುತ್ತಿದ್ದೇನಂತೆ, ಮಗುವಿಗೆ ಅದರಿಂದ ಭಯವಂತೆ, ಆದ್ದರಿಂದ ಶನಿವಾರದ ಭೇಟಿ ನಿಲ್ಲಿಸಬೇಕಂತೆ, "ಸದರಿ ಕ್ಯಾಮೆರಾ"ವನ್ನು ಒಪ್ಪಿಸಬೇಕಂತೆ. ಕೆಳಗೆ ನಿಮ್ಮ ಸಹಿ, ಬಾಲ ಮೇಲಕ್ಕೆ ಎಳೆದು ಹಾಕುವ ಅದೇ ಸಹಿ. ಸೋಮವಾರ ವಿಚಾರಣೆ.

ಆದರೆ ಒಂದು ಮಾತು ಕೇಳುತ್ತೇನೆ. ಸದರಿ ಕ್ಯಾಮೆರಾ ಅಂದರೆ ಯಾವುದು? ನನ್ನ ಹತ್ತಿರ ಎರಡಿವೆ, ಎರಡೂ ನಿಮ್ಮ ಕೈಯಿಂದಲೇ ಬಂದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ನಿಮ್ಮ ವಕೀಲರಿಗೆ ಎಲ್ಲ ಕ್ಯಾಮೆರಾವೂ ಒಂದೇ ಇರಬಹುದು. ದಿನವಿಡೀ ಕೌಂಟರಿನ ಹಿಂದೆ ನಿಂತು ಇದಕ್ಕೂ ಅದಕ್ಕೂ ಇರುವ ವ್ಯತ್ಯಾಸ ಹೇಳಿಯೇ ಗಂಟಲು ಒಣಗಿಸಿಕೊಳ್ಳುವ ನೀವೂ ಹಾಗೇ ಸಹಿ ಹಾಕಿಬಿಟ್ಟಿರಾ? ಹಾಗಾದರೆ ಇವತ್ತು ನಾನು ಅಂಗಡಿಯವಳಾಗುತ್ತೇನೆ, ನೀವು ಗಿರಾಕಿಯಾಗಿ ಕೇಳಿ.

ಮೊದಲು ದೂರದ್ದು. ಕಪ್ಪುಬಣ್ಣದ್ದು, ಹಿಡಿಕೆಯ ರಬ್ಬರು ಸವೆದಿದೆ. ನಾನು ಮೊದಲ ಸಲ ನಿಮ್ಮ ಅಂಗಡಿಗೆ ಬಂದು, ಆಕಾಶದ ಹದ್ದನ್ನೂ ತೆಗೆಯಬೇಕು, ಮನೆಯೊಳಗೆ ಅಪ್ಪನನ್ನೂ ತೆಗೆಯಬೇಕು, ಅಂಥದ್ದೊಂದು ಕ್ಯಾಮೆರಾ ಕೊಡಿ ಅಂದಿದ್ದೆ. ನೀವು ತಲೆ ಎತ್ತದೆಯೇ, "ಮೇಡಂ, ಜೇಬಲ್ಲಿ ಹಿಡಿಯೋದ್ರಲ್ಲಿ ಎರಡೂ ಬೇಕು ಅಂದ್ರೆ ಎರಡೂ ಕೆಡುತ್ತೆ. ದೂರದ್ದೋ ಹತ್ತಿರದ್ದೋ, ಒಂದು ಹೇಳಿ" ಅಂದಿರಿ. ಎಂಥಾ ಗರ್ವದ ಮನುಷ್ಯ ಅಂದುಕೊಂಡೆ. ಹಟಕ್ಕೆ ದೂರದ್ದೇ ಕೊಡಿ ಅಂದೆ. ಮಾರನೇ ವಾರ ಒಳಗೆ ತೆಗೆದ ಅಪ್ಪನ ಫೋಟೋ ತಂದು, ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ಬಂದಿದೆ ನೋಡಿ ಅಂತ ಜಗಳ ಆಡಿದೆ. ನೀವು ನಕ್ಕಿರಿ. ಅಲ್ಲಿಂದಲೇ ಅಲ್ಲವೇ ಎಲ್ಲ ಶುರುವಾದದ್ದು.

ಅದರ ಗುಣ ಈಗಲೂ ಅದೇ. ಲೆನ್ಸು ಆನೆಯ ಸೊಂಡಿಲಿನ ಹಾಗೆ ಚಾಚಿಕೊಳ್ಳುತ್ತದೆ, ರಸ್ತೆಯಾಚೆಯ ಕಣ್ಣಿನ ರೆಪ್ಪೆ ಎಣಿಸಬಹುದು. ಬಿಸಿಲಿದ್ದರೆ ರಾಜ. ಬೆಳಕು ಇಳಿಯಿತೋ, ತಡಬಡಾಯಿಸುತ್ತದೆ. ಒಳಗಿನ ಸೆನ್ಸರ್ ಬೆರಳಿನ ಉಗುರಿನಷ್ಟು, ಅದು ಎಷ್ಟು ಬೆಳಕು ಹಿಡಿದೀತು ಪಾಪ.

ಇನ್ನು ಹತ್ತಿರದ್ದು. ಬೂದುಬಣ್ಣದ್ದು. ನಮ್ಮ ಮಗಳು, ನಮ್ಮ ಇಲಿಮರಿ, ಹುಟ್ಟಿದ ವಾರ ನೀವೇ ಅಂಗಡಿಯಿಂದ ತಂದಿರಿ. ಆಸ್ಪತ್ರೆಯ ಮಂಚದ ಪಕ್ಕ ಕೂತು, "ಇದಕ್ಕೆ ಜೂಮ್ ಇಲ್ಲ, ನೀನೇ ಹತ್ರ ಹೋಗ್ಬೇಕು. ಆದ್ರೆ ಫ್ಲ್ಯಾಶ್ ಬೇಡ, ಮಗು ಕಣ್ಣಿಗೆ ಹೊಡೆಯಲ್ಲ" ಅಂದಿರಿ. ಅದರ ಸೆನ್ಸರ್ ದೊಡ್ಡದು, ಲೆನ್ಸು ಅಗಲಕ್ಕೆ ಬಾಯಿ ತೆರೆಯುತ್ತದೆ, ಒಂದು ಬಲ್ಬಿನ ಬೆಳಕಿದ್ದರೂ ಸಾಕು, ಚರ್ಮ ಚರ್ಮದ ಹಾಗೇ ಬರುತ್ತದೆ. ನನ್ನ ಕೆಲಸಕ್ಕೂ ಅದೇ. ಗುದ್ದಿಸಿಕೊಂಡ ಗಾಡಿಗಳ ಫೋಟೋ ತೆಗೆದು ವಿಮೆಯವರಿಗೆ ಕೊಡುವವಳಿಗೆ ಗ್ಯಾರೇಜಿನ ಮೂಲೆಯ ಕತ್ತಲಲ್ಲಿ ಬೇರೆ ಏನು ನಡೆದೀತು? ನಾನು ಒಂದೇ ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟ ದಿನ ಅದು ಚೀಲದಲ್ಲೇ ಇತ್ತು. ದೂರದ್ದು ತಳದಲ್ಲಿ ಬಿದ್ದಿದ್ದು ಗೊತ್ತೂ ಇರಲಿಲ್ಲ.

ಅವತ್ತಿನ ಜಗಳವನ್ನು ಕೆದಕುವುದಿಲ್ಲ. ಊರೂರು ತಿರುಗುವ ಕೆಲಸ ಬಿಡು ಅಂತ ಅತ್ತೆ ಅಂದರು, ನೀವು ಸುಮ್ಮನೆ ಕೂತಿರಿ, ನನಗೆ ರೇಗಿತು. ಎರಡು ದಿನದಲ್ಲಿ ನೀವು ಕರೆಯುತ್ತೀರಿ ಅಂತ ನಾನು, ಎರಡು ದಿನದಲ್ಲಿ ಅವಳೇ ಬರುತ್ತಾಳೆ ಅಂತ ನೀವು. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನವಾದ ಮೇಲೆ ಬರುತ್ತದೆಯೇ? ಕೋರ್ಟು ನೋಡಿತು: ಮಗುವಿಗೆ ಅದೇ ಮನೆ, ಅದೇ ಶಾಲೆ, ಅಜ್ಜಿ ಇದ್ದಾರೆ, ತಾಯಿಗೆ ಒಂದು ಬಾಡಿಗೆ ಕೋಣೆ, ಕಾಲಿಗೆ ಚಕ್ರ. ತಿಂಗಳಿಗೆ ಎರಡು ಶನಿವಾರ ನೋಡಿಕೊಂಡು ಹೋಗು ಅಂದಿತು.

ಕೋರ್ಟು ಗೊತ್ತುಮಾಡಿದ ಆ ಶನಿವಾರದ ಕೋಣೆಯನ್ನು ನೀವು ಒಳಗೆ ಬಂದು ನೋಡಿಲ್ಲ. ಅವಳನ್ನು ಬಾಗಿಲ ತನಕ ಬಿಟ್ಟು ಹೋಗುತ್ತೀರಿ. ಹಸಿರು ಬಣ್ಣದ ಗೋಡೆ, ಒಂದೇ ಕಿಟಕಿ, ಅದಕ್ಕೂ ಬೀರು ಅಡ್ಡ. ಒಂದು ಟ್ಯೂಬ್‌ಲೈಟು, ಅದು ಮನಸ್ಸು ಬಂದಾಗ ಉರಿಯುತ್ತದೆ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕಾವಲಿಗೆ ಒಬ್ಬ ಹೆಂಗಸು. ಒಳ್ಳೆಯವಳು, ನಾವಿಬ್ಬರೂ ಅಳಲು ಶುರು ಮಾಡಿದರೆ ಫೋನು ನೋಡುವ ನೆಪ ಮಾಡುತ್ತಾಳೆ. ಅಲ್ಲಿ ದೂರದ್ದನ್ನು ಒಮ್ಮೆ ಒಯ್ದು ನೋಡಿದೆ. ನನ್ನ ಮಗಳು ಹೊಗೆಯೊಳಗೆ ಕೂತ ಹಾಗೆ ಬಂದಳು. ಆಮೇಲೆ ಹತ್ತಿರದ್ದನ್ನೇ ಒಯ್ಯುತ್ತೇನೆ. ಮುಂದಿನ ಹಲ್ಲು ಬಿದ್ದ ಸಂದು, ಅದರಲ್ಲಿ ನಾಲಿಗೆ ತೂರಿಸಿ ತೋರಿಸುವ ಕೋತಿತನ, ಕೆನ್ನೆಯ ಮೇಲಿನ ಪೆನ್ಸಿಲ್ ಗೀಟು, ಎಲ್ಲ ಆ ಕ್ಯಾಮೆರಾದಲ್ಲಿದೆ. ಪ್ರಿಂಟು ಹಾಕಿಸಿ ನನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಬೆಳಿಗ್ಗೆ ಎದ್ದು ಆ ಸಂದಿಗೆ ಗುಡ್ ಮಾರ್ನಿಂಗ್ ಹೇಳಿಯೇ ನನ್ನ ಚಹಾ.

ಎರಡು ಶನಿವಾರ ಸಾಲುವುದಿಲ್ಲ, ಅಂಗಡಿಯವರೇ. ಸಾಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಿದೆ, ಬಾಯಿಬಿಟ್ಟು ಹೇಳುವವರಿಲ್ಲ ಅಷ್ಟೇ. ನಡುವಿನ ದಿನಗಳಲ್ಲಿ ದಾರಿಯಲ್ಲಿ ಯಾವುದೋ ಮಗು "ಅಮ್ಮಾ" ಅಂದರೆ ತಿರುಗುತ್ತೇನೆ, ತಿರುಗಿ ನಾಚಿಕೆಯಾಗಿ ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡುತ್ತೇನೆ. ಅದಕ್ಕೇ ಶಾಲೆಯ ಎದುರು ಹೋದದ್ದು. ಹೌದು, ಹೋದೆ. ನೋಟಿಸಿನಲ್ಲಿ ಅಷ್ಟು ಮಾತ್ರ ನಿಜ.

ಶಾಲೆಯ ಎದುರಿನ ಕಟ್ಟಡದಲ್ಲಿ ಹಲ್ಲಿನ ಡಾಕ್ಟರಿದ್ದಾರೆ. ಅವರ ಮೆಟ್ಟಿಲ ತಿರುವಿನಲ್ಲಿ ಕಿಟಕಿಯಿದೆ. ಹಲ್ಲಿನ ಡಾಕ್ಟರ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತರೂ ಯಾರೂ ಏನೂ ಕೇಳುವುದಿಲ್ಲ, ಹೆದರಿ ನಿಂತಿದ್ದಾಳೆ ಪಾಪ ಅಂದುಕೊಳ್ಳುತ್ತಾರೆ. ಅಲ್ಲಿನ ನರ್ಸು ಒಮ್ಮೆ, "ಬನ್ನಿ ಅಕ್ಕ, ನೋವಾಗಲ್ಲ" ಅಂತ ಕೈ ಹಿಡಿದು ಎಳೆದಳು. ನೀವು ಅಂಗಡಿ ಬೇರೆಯವರಿಗೆ ವಹಿಸಿ ಇಲಿಮರಿಯನ್ನು ಕರೆದೊಯ್ಯಲು ಬರುವಷ್ಟರಲ್ಲಿ ಬೆಳಕು ಇಳಿದಿರುತ್ತದೆ. ಅಂಥ ಬೆಳಕಿಗೆ ಹತ್ತಿರದ್ದೇ ಸರಿ, ಆದರೆ ಅದಕ್ಕೆ ದೂರ ಕಾಣದು. ದೂರದ್ದಕ್ಕೆ ದೂರ ಕಾಣುತ್ತದೆ, ಬೆಳಕು ಸಾಲದು. ನೀವು ಅವತ್ತು ಹೇಳಿದ್ದು ಇದನ್ನೇ ಅಲ್ಲವೇ? ನಾನು ದೂರದ್ದನ್ನು ಕಿಟಕಿಯ ಕಟ್ಟೆಗೆ ಒತ್ತಿ, ಉಸಿರು ಬಿಗಿಹಿಡಿದು ತೆಗೆಯುತ್ತಿದ್ದೆ. ಜೂಮನ್ನು ಕೊನೆಯ ತನಕ ಎಳೆದು ಅವಳ ಮುಖವೊಂದೇ ತುಂಬಿಸಿಕೊಳ್ಳುತ್ತಿದ್ದೆ. ಬರಿಗಣ್ಣಿಗೆ ಆ ಮಬ್ಬಿನಲ್ಲಿ ಬರೀ ನೆರಳುಗಳು, ಆದರೂ ನೀವು ಅಲ್ಲೇ ಎಲ್ಲೋ ಇರುತ್ತೀರಿ ಅಂತ ಗೊತ್ತಿತ್ತು. ನೀವು ಚೌಕಟ್ಟಿನೊಳಗೆ ಬರಬಾರದು ಅಂತಲೇ ಅಷ್ಟು ಎಳೆಯುತ್ತಿದ್ದೆ. ಸುಳ್ಳೇಕೆ ಹೇಳಲಿ.

ಒಂದು ತಪ್ಪು ಮಾಡಿದೆ. ಮಬ್ಬಿನಲ್ಲಿ ಫೋಕಸ್ ಹುಡುಕಲು ಆ ಕ್ಯಾಮೆರಾದ ಮುಖದಲ್ಲಿ ಒಂದು ಸಣ್ಣ ಕಿತ್ತಳೆ ದೀಪ ಉರಿಯುತ್ತದೆ. "ಅದನ್ನ ಆರಿಸಿಟ್ಬಿಡಿ, ಎದುರಿಗಿರೋರಿಗೆ ಕಾಣುತ್ತೆ" ಅಂತ ಮೊದಲ ದಿನವೇ ಹೇಳಿದ್ದಿರಿ. ನಿಮ್ಮ ಮಾತು ನಾನು ಯಾವತ್ತು ಕೇಳಿದ್ದೇನೆ? ಮರೆತೇಬಿಟ್ಟಿದ್ದೆ. ಆಮೇಲೊಂದು ಶನಿವಾರ ಇಲಿಮರಿ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು: "ಅಮ್ಮಾ, ಹಲ್ ಡಾಕ್ಟರ್ ಕಿಟಕೀಲಿ ಪುಳಕ್ ಅನ್ನೋ ದೀಪ ನೀನೇ ಅಲ್ವಾ?" ಕಾವಲಿನ ಹೆಂಗಸಿಗೆ ಕೇಳಿಸಿತೇನೋ ಅಂತ ಮೂಲೆಯ ಕಡೆ ನೋಡಿದೆ. ಅವಳೇ ಮುಂದುವರಿಸಿದಳು: "ಅದು ಉರಿದ್ರೆ ನಾನು ಕಾಂಪೌಂಡ್ ಮೇಲೆ ಕೂತ್ಕೋತೀನಿ. ಆಗ ಪೂರ್ತಿ ಕಾಣ್ತೀನಿ ತಾನೇ?" ಅಷ್ಟೆತ್ತರದ ಗೋಡೆ ಹತ್ತಬೇಡ, ಬೀಳುತ್ತೀಯ ಅಂತ ಗದರಿದೆ. ಬೀಳಲ್ಲ ಅಂತ ನಕ್ಕು, ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಅದು ಭಯಬಿದ್ದ ಮಗುವಿನ ಮುಖವಲ್ಲ. ನಿಮ್ಮ ವಕೀಲರು ಯಾವ ಭಯ ಬರೆದರೋ ದೇವರಿಗೇ ಗೊತ್ತು.

ಗೊತ್ತಾದ ಮೇಲೂ ನಾನು ಆ ದೀಪ ಆರಿಸಲಿಲ್ಲ. ಹೇಗೆ ಆರಿಸಲಿ, ನೀವೇ ಹೇಳಿ. ಅವಳಿಗೆ ನಾನು ಹೇಳಬಹುದಾಗಿದ್ದ ಶುಭರಾತ್ರಿ ಅದೊಂದೇ. ಅದನ್ನೇ ಶಾಲೆಯ ವಾಚ್‌ಮನ್ನೂ ಕಂಡ. ಕೊನೆಯ ಸಲ ಅವನು ನನ್ನ ಕಡೆ ಕೈ ತೋರಿಸಿ ಕೂಗಿದಾಗ ಗಾಬರಿಯಲ್ಲಿ ಬೆರಳು ಎಲ್ಲೆಲ್ಲೋ ಒತ್ತಿತು, ಕ್ಯಾಮೆರಾ ಕೊರಳಿಗೇ ಬಿಟ್ಟು ಕಳ್ಳಿಯ ಹಾಗೆ ಓಡಿದೆ. ಅವನು ಹೆಡ್‌ಮಿಸ್ಸಿಗೆ ಹೇಳಿದ, ಅವರು ಮನೆಗೆ ಫೋನು ಮಾಡಿದರು, ಫೋನು ಎತ್ತಿಕೊಂಡವರು ಅತ್ತೆ. ಮುಂದಿನದ್ದು ನಿಮ್ಮ ನೋಟಿಸಿನಲ್ಲಿದೆ.

ಈಗ ವ್ಯಾಪಾರಕ್ಕೆ ಬರುತ್ತೇನೆ. ದೂರದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ಚಾರ್ಜರು, ಕೊರಳ ಪಟ್ಟಿ, ಎಲ್ಲ ಸೇರಿಸಿ. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ, ಇಲಿಮರಿಯ ಮೇಲಾಣೆ. ಹತ್ತಿರದ್ದನ್ನು ಮಾತ್ರ ನನಗೆ ಬಿಡಿ. ಅದಕ್ಕೆ ಜೂಮ್ ಇಲ್ಲ, ಅದರಲ್ಲಿ ಯಾರನ್ನೂ ಕದ್ದು ನೋಡಲು ಆಗುವುದಿಲ್ಲ, ಎದುರಿಗೆ ಕೂತವರನ್ನಷ್ಟೇ ತೆಗೆಯಬಹುದು. ಎದುರಿಗೆ ಅವಳೇ ಇಲ್ಲದಿದ್ದರೆ ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಜೀವಮಾನವಿಡೀ ಗಾಡಿಗಳ ಗುದ್ದು ತೆಗೆಯುತ್ತ ಕೂರಲೇ?

ದಮ್ಮಯ್ಯ, ಆ ಹಸಿರು ಕೋಣೆಯನ್ನು ಕಿತ್ತುಕೊಳ್ಳಬೇಡಿ. ನನ್ನನ್ನು ಬೈಯಿರಿ, ನನ್ನ ಕೆಲಸವನ್ನು ಬೈಯಿರಿ, ಗಂಡನ ಮನೆ ಬಿಟ್ಟುಹೋದ ಹೆಣ್ಣು ಅಂತ ಕೋರ್ಟಿನಲ್ಲಿ ಏನು ಬೇಕಾದರೂ ಬರೆಸಿಕೊಳ್ಳಿ, ಎಲ್ಲದಕ್ಕೂ ಹೂಂ ಅನ್ನುತ್ತೇನೆ. ಎರಡು ಶನಿವಾರ. ಅಷ್ಟೇ. ನಾನು ಯಾರ ಮುಂದೆಯೂ ಕೈಚಾಚಿದವಳಲ್ಲ, ನಿಮಗೆ ಗೊತ್ತು. ಈಗ ಚಾಚಿದ್ದೇನೆ. ಅವಳನ್ನು ನೋಡದೆ ನಾನು ಉಳಿಯುವುದಿಲ್ಲ. ಹೆದರಿಸಲು ಬರೆದ ಮಾತಲ್ಲ ಇದು, ನನಗೇ ಹೆದರಿಕೆಯಾಗಿ ಬರೆದದ್ದು.

ಅವಳ ಎಡಗಾಲಿನ ಬೂಟು ಬಿಗಿಯಾಗುತ್ತಿದೆ, ಕುಂಟುತ್ತಾಳೆ. ಗಮನಿಸಿ.

ಇಂತಿ,
ನಿಮ್ಮ ಹಳೆಯ ಗಿರಾಕಿ

ಮ.ಮ.: ಇದು ಶನಿವಾರ ಬೆಳಿಗ್ಗೆ ಸೇರಿಸಿದ್ದು, ಆಫೀಸಿನಿಂದ. ಮೇಲಿನದನ್ನು ಹರಿದು ಬೇರೆ ಬರೆಯೋಣ ಅಂದುಕೊಂಡೆ, ಕೈ ಬರಲಿಲ್ಲ. ಇರಲಿ, ಹಾಗೇ ಓದಿಕೊಳ್ಳಿ.

ಕ್ಯಾಮೆರಾ ಕಟ್ಟುವ ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ಅಳಿಸೋಣ ಅಂತ ಆಫೀಸಿನ ಕಂಪ್ಯೂಟರಿಗೆ ಹಾಕಿದೆ. ಅಳು ಬಂದೀತು ಅಂತ ಇಷ್ಟು ದಿನ ಆ ಫೋಟೋಗಳನ್ನು ದೊಡ್ಡ ಪರದೆಯಲ್ಲಿ ನೋಡಿರಲಿಲ್ಲ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲೇ ಅವಳ ಮುಖ ನೋಡಿ ಮುಚ್ಚಿಡುತ್ತಿದ್ದೆ. ಕೊನೆಯದು ನಾನು ಓಡಿಹೋದ ದಿನದ್ದು. ಗಾಬರಿಯಲ್ಲಿ ಜೂಮ್ ಹಿಂದಕ್ಕೆ ಬಂದುಬಿಟ್ಟಿದೆ. ಮಬ್ಬಾಗಿದೆ, ಸ್ವಲ್ಪ ಅಲ್ಲಾಡಿದೆ, ಆದರೆ ಗೋಡೆ ಪೂರ್ತಿ ಕಾಣುತ್ತದೆ.

ಇಲಿಮರಿ ಕಾಂಪೌಂಡಿನ ಮೇಲೆ ಕೂತು ನನ್ನ ಕಡೆ ನೋಡಿ ನಗುತ್ತಿದ್ದಾಳೆ. ಅವಳ ಸೊಂಟದ ಸುತ್ತ ಎರಡು ಕೈಗಳಿವೆ. ಒಂದರಲ್ಲಿ ನಾನು ಕೊಡಿಸಿದ, ಗಾಜು ಬಿರುಕುಬಿಟ್ಟ ವಾಚಿದೆ. ಹಿಂದೆ ನೀವು ನಿಂತಿದ್ದೀರಿ, ಅವಳ ಚೀಲ ನಿಮ್ಮ ಹೆಗಲಲ್ಲಿ. ಮುಖ ಮಾತ್ರ ರಸ್ತೆಯ ಆ ತುದಿಗೆ ತಿರುಗಿಸಿಕೊಂಡಿದ್ದೀರಿ, ಬಸ್ಸು ಕಾಯುವವರ ಹಾಗೆ. ಆ ರಸ್ತೆಯಲ್ಲಿ ಬಸ್ಸು ಓಡಾಡುವುದಿಲ್ಲ.

ಆ ಗೋಡೆ ಅವಳು ಹತ್ತುವ ಎತ್ತರದ್ದಲ್ಲ. ಬೀಳಲ್ಲ ಅಂತ ಅವಳು ಯಾಕೆ ನಕ್ಕಳು ಅಂತ ಈಗ ಗೊತ್ತಾಯಿತು. ಪ್ರತಿ ಸಂಜೆಯೂ ಅವಳನ್ನು ನನಗೆ ಎತ್ತಿ ತೋರಿಸುತ್ತಿದ್ದವರು ನೀವು. ನಾನು ಪೆದ್ದಿ, ಜೂಮ್ ಎಳೆದೆಳೆದು ನಿಮ್ಮನ್ನೇ ಹೊರಗಿಡುತ್ತಿದ್ದೆ.

ಇದನ್ನು ನನ್ನ ವಕೀಲರಿಗೆ ತೋರಿಸಿದರೆ ಕುಣಿದಾಡುತ್ತಾರೆ. ಸೋಮವಾರ ಗೆಲ್ಲಲು ಈ ಫೋಟೋ ಒಂದೇ ಸಾಕು. ತೋರಿಸಿಲ್ಲ. ಅಳಿಸಲೂ ಇಲ್ಲ. ಕಾರ್ಡನ್ನು ಕ್ಯಾಮೆರಾದೊಳಗೇ ಹಾಕಿದ್ದೇನೆ, ನನ್ನ ಹತ್ತಿರ ಬೇರೆ ಪ್ರತಿ ಇಲ್ಲ. ಈಗಲೇ ಹೋಗಿ ನಿಮ್ಮ ಅಂಗಡಿಯ ಕ್ಯಾಷಿಯರ ಕೈಗೆ ಕೊಟ್ಟು, ನಿಮ್ಮ ಕಣ್ಣಿಗೆ ಬೀಳುವ ಮೊದಲೇ ವಾಪಸು ಬರುತ್ತೇನೆ.

ನೋಟಿಸಿಗೆ ಸಹಿ ಹಾಕಿದ್ದೂ ಇದೇ ಕೈ ಅಂತ ನನಗೆ ಗೊತ್ತು. ಯಾರು ಹಾಕಿಸಿದರು ಅಂತ ಕೇಳುವುದಿಲ್ಲ. ಸೋಮವಾರ ಕೋರ್ಟು ಕೇಳಿದಾಗ ನಿಮಗೆ ಸರಿ ಅನ್ನಿಸಿದ್ದನ್ನೇ ಹೇಳಿ. ಆದರೆ ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಬೇಡಿ.