ಎಂಟನೆಯವನು

11 ಮಾರ್ಚ್ 1984, ಬೆಳಿಗ್ಗೆ

...ತಪ್ಪಾಯಿತು, ಮತ್ತೆ ಮೊದಲಿಂದ. ನಿನ್ನೆ ಹೇಳಿದ್ದನ್ನು ಅಳಿಸಿದೆ. ಮೊನ್ನೆಯದನ್ನೂ. ಬಸ್ಸು ಉರುಳುವ ತನಕ ಸರಾಗವಾಗಿ ಬರುತ್ತದೆ. ಅಲ್ಲಿಂದಾಚೆಗೆ ಟೇಪು ಮಾತ್ರ ತನ್ನ ಪಾಡಿಗೆ ಸುತ್ತುತ್ತಿರುತ್ತದೆ.

ಬಲಗೈ ಪ್ಲಾಸ್ಟರಿನಲ್ಲಿದೆ, ಬರೆಯಲಾಗದು. ಅದಕ್ಕೇ ಅಳಿಯ ನಂಜನಗೂಡಿನಿಂದ ಈ ಟೇಪ್ ರೆಕಾರ್ಡರ್ ತಂದುಕೊಟ್ಟ. "ಮಾವ, ವಕೀಲ್ರು ಕೇಳೊ ಒತ್ಗೆ ಮರ್ತೋಯ್ತದ. ನೆಪ್ಪಿರದ್ನೆಲ್ಲ ಇದ್ಕೆ ಯೋಳಿ ಮಡೀಕಳಿ" ಅಂದ. ಮರೆತುಹೋಗುತ್ತದಂತೆ! ಹಾಗಾಗುವುದಿದ್ದರೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದೇನು.

ಸರಿ. ಸಂಕ್ರಾಂತಿ ಕಳೆದ ವಾರ. ಬಾವಿಯ ಮೋಟರು ಸುಟ್ಟಿತ್ತು. ಕಾಯಿಲ್ ಕಟ್ಟಿಸಲು ಸತ್ಯಮಂಗಲಕ್ಕೆ ಹೊರಟೆವು, ನಾನು ಮತ್ತು ತಮ್ಮ ಪುಟ್ಟಬಸಪ್ಪ. ಪ್ರೈವೇಟ್ ಬಸ್ಸು. ಮೋಟರಿಗೂ ಚಾರ್ಜು ಕೊಡಿ ಅಂದ ಕಂಡಕ್ಟರ್. ತಮ್ಮ ಬಿಡುವವನೇ? "ಅಂಗಾರೆ ಅದ್ಕೂ ಒಂದ್ ಸೀಟ್ ಬುಡ್ಸಿಕೊಡ್ಲಾ, ಕೂತ್ಕಂಡು ಬತ್ತದ" ಅಂದ. ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ. ಪಾಪ, ಅವನೂ ಉಳಿಯಲಿಲ್ಲ.

ದಿಂಬಂ ದಾಟಿ ಘಾಟಿಯ ಇಳಿಜಾರು. ಎರಡು ತಿರುವು ಸರಿಯಾಗಿಯೇ ಇಳಿಯಿತು. ಮೂರನೆಯದರಲ್ಲಿ ಬಸ್ಸು ತಿರುಗಲಿಲ್ಲ — ನೆಟ್ಟಗೆ ಹೋಯಿತು. ಬ್ರೇಕು ಹಿಡಿಯಲಿಲ್ಲವಂತೆ. ಆಮೇಲೆ ಬಿದಿರು, ಗಾಜು, ಡೀಸೆಲ್ ವಾಸನೆ. ನನ್ನ ತೋಳಿನ ಮೇಲೆ ಸೀಟಿನ ಕಂಬಿ. ಕೆಳಗೆಲ್ಲೋ ತಮ್ಮನ ದನಿ — "ಅಣ್ಣ, ಕಾಲು ಸಿಕ್ಕಾಕಂಡದ ಕಣಣ್ಣ... ಅಣ್ಣ..." 

ನಾನು ಓ ಅಂದೆ. ಅವನು ಮತ್ತೆ ಕರೆದ. ನಾನು ಮತ್ತೆ ಓ ಅಂದೆ. ಎಷ್ಟು ಹೊತ್ತು ಹೀಗೆ —

ಇಲ್ಲ. ಇವತ್ತಿಗೆ ಸಾಕು.

15 ಮಾರ್ಚ್

ಕಣ್ಣು ಬಿಟ್ಟಾಗ ಸತ್ಯಮಂಗಲದ ಆಸ್ಪತ್ರೆ. ಅಷ್ಟರಲ್ಲಿ ತಮ್ಮ ಮಣ್ಣಿನಲ್ಲಿದ್ದ. ನಾನು ಮುಖ ನೋಡಲಿಲ್ಲ.

ಸುದ್ದಿ ತಿಳಿದು ಚಿಕ್ಕಪ್ಪ ಮಹದೇವಪ್ಪ ಊರಿನವರನ್ನು ಕಟ್ಟಿಕೊಂಡು ಆಲೂಗಡ್ಡೆ ವ್ಯಾನಿನಲ್ಲಿ ಬಂದಿದ್ದರು. ಗಾಯಾಳುಗಳನ್ನು ಆಗಲೇ ಕೆಳಕ್ಕೆ ಸಾಗಿಸಿ ಆಗಿತ್ತು. ಸತ್ತವರನ್ನು ರಸ್ತೆ ಬದಿ ಮಲಗಿಸಿದ್ದರು. ಪೊಲೀಸಿನವರು ಇನ್ನೂ ಎಣಿಸಿರಲಿಲ್ಲ. ತಮ್ಮನನ್ನು ಎತ್ತಿ ವ್ಯಾನಿಗೆ ಹಾಕಿಕೊಂಡು, ತಮಿಳು ಸೀಮೆಯ ಗಡಿಯಂಚಿನ ನಮ್ಮೂರು ಗೆಟ್ಟವಾಡಿಗೆ ಬಂದುಬಿಟ್ಟರು. ಸಂಜೆಯೊಳಗೆ ಹೊಲದಲ್ಲೇ ಸಮಾಧಿ.

ಇವತ್ತು ಕೇಳಿದೆ, ಯಾಕೆ ಚಿಕ್ಕಪ್ಪ ಅಂತ. ತಲೆಯ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡರು.

"ಇನ್ನೇನ್ಲಾ ಮಾಡದು? ಕೆಳಕ್ಕೋದ್ರೆ ಕುಯ್ತಾರೆ. ಕುಯ್ದು ಗೋಣಿ ಒಲ್ದಂಗೆ ಒಲ್ದು ಕೊಡ್ತಾರೆ. ಅದ್ನ ಎಂಗ್ಲಾ ಕೂರ್ಸೀಯೆ? ಕೊಳ್ಳಲ್ಲಿರೊ ಲಿಂಗ್ವ ಯಾವನೊ ಕಿತ್ತು ಪೇಪರ್‌ನಲ್ಲಿ ಸುತ್ತಿ ಮಡುಗ್ತಾನೆ. ನಮ್ಮನೇಲಿ ಯಾರ್ಗಾರ ಅಂಗಾಗಿದ್ದದ?"

ಆಗಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರೆ ತುಂಬಿ ಮುಚ್ಚುತ್ತೇವೆ. ಅಪ್ಪ, ತಾತ ಎಲ್ಲರೂ ಹಾಗೇ ಕೂತಿದ್ದಾರೆ. ಚಿಕ್ಕಪ್ಪನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಪೊಲೀಸಿಗೆ ಹೇಳದೆ ಹೆಣ ತಂದೆವಲ್ಲ ಅಂತ ಆಮೇಲೆ ಅವರಿಗೆ ಹೆದರಿಕೆ ಹತ್ತಿದೆ. ಹುಟ್ಟು ಸಾವು ಬರೆದುಕೊಳ್ಳುವ ಊರ ಮಣಿಯಗಾರರ ಹತ್ತಿರವೂ ಬರೆಸಲಿಲ್ಲ. ಎಲ್ಲೂ ಬರೆಸಲಿಲ್ಲ.

2 ಮೇ

ಹಾಸನೂರು ಚೆಕ್‌ಪೋಸ್ಟಿನ ಹತ್ತಿರ ಬಸ್ಸು ನಿಂತಾಗ ಇಳಿದೆ. ಬೀಡಿಗೆ ಅಂತ ಇಳಿದದ್ದು. ಅಲ್ಲಿ ಪೊಲೀಸಿನವರ ಕರಿಹಲಗೆ ಇದೆ. ಘಾಟಿಯಲ್ಲಿ ಯಾವ ತಿಂಗಳು ಎಷ್ಟು ಅಪಘಾತ, ಎಷ್ಟು ಸಾವು. ಜನವರಿಯ ಮುಂದೆ ಸಾವು ಏಳು.

ಕಾವಲಿನವನಿಗೆ ಹೇಳಿದೆ — ಏಳಲ್ಲಪ್ಪ, ಎಂಟು. ಅವನು ಹಲಗೆ ನೋಡಿದ, ನನ್ನ ಕೈ ನೋಡಿದ. "ಎಟ್ಟಾವದು ಆಳ್ ಎಂಗೇ?" ಅಂದ. ಎಂಟನೆಯ ಆಸಾಮಿ ಎಲ್ಲಿ?

ಕೆಟ್ಟ ಮನುಷ್ಯನಲ್ಲ. ಟೀ ಕುಡೀತೀರಾ ಅಂತಲೂ ಕೇಳಿದ.

20 ಜೂನ್

ಪ್ಲಾಸ್ಟರ್ ತೆಗೆದರು. ಬೆರಳು ಮಡಚುವುದಿಲ್ಲ. ಹೀಗೇ ಮಾತಾಡಿಕೊಂಡಿರಬೇಕು.

ಘಾಟಿಯ ಕೆಳಗೆ, ಗೋಬಿ ಪಟ್ಟಣದ ಕೋರ್ಟಿಗೆ ಹೋಗಿದ್ದೆವು. ನಾನು, ಚಿಕ್ಕಪ್ಪ, ತಮ್ಮನ ಹೆಂಡತಿ ಶಾಂತಮಲ್ಲಮ್ಮ. ನಷ್ಟ ಪರಿಹಾರದ ಅರ್ಜಿ ಅವಳ ಹೆಸರಿನಲ್ಲಿದೆ. ಬಸ್ಸಿನ ಮಾಲೀಕನ ಕಡೆಯ ವಕೀಲ ತೆಳ್ಳಗಿನ ಆಸಾಮಿ, ಮಾತು ಬೆಣ್ಣೆ. ನನ್ನನ್ನು ಕೇಳಿದ: ತಮ್ಮ ನಿಮ್ಮ ಜೊತೆ ಬಸ್ಸಿನಲ್ಲಿದ್ದರೇ? ಇದ್ದ. ಸತ್ತದ್ದನ್ನು ನೀವು ನೋಡಿದಿರೇ?

ನೋಡಲಿಲ್ಲ.

ಹೆಣ?

ಅದನ್ನೂ ನೋಡಲಿಲ್ಲ.

ಅವನು ಜಡ್ಜಿನ ಕಡೆ ತಿರುಗಿ ಕೈ ಚೆಲ್ಲಿದ. ಇವರ ತಮ್ಮ ಬದುಕಿದ್ದಾರೆ. ಎಲ್ಲೋ ಗಡಿಯಾಚೆ ಇದ್ದಾರೆ. ದುಡ್ಡು ಕೈಗೆ ಬಂದ ಮೇಲೆ ಮನೆಗೆ ಬರುತ್ತಾರೆ. ಆಮೇಲೆ ಶಾಂತಮಲ್ಲಮ್ಮನನ್ನು ನಿಲ್ಲಿಸಿ, ಎಲ್ಲರ ಎದುರಿಗೆ — "ಗಂಡನನ್ನು ಎಲ್ಲಿ ಬಚ್ಚಿಟ್ಟಿದ್ದೀಯಮ್ಮ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಸೆರಗು ತಲೆಗೆ ಎಳೆದುಕೊಂಡಳು. ಬಸ್ಸಿನಲ್ಲೂ ಊರು ಬರುವ ತನಕ ಸೆರಗು ಇಳಿಸಲಿಲ್ಲ.

9 ಜುಲೈ

ಹೇಳಬಾರದು. ಆದರೂ ಇಲ್ಲಿ ಯಾರು ಕೇಳುತ್ತಾರೆ.

ಚಾಮರಾಜನಗರದ ಬಸ್ ಸ್ಟ್ಯಾಂಡು. ಕಳ್ಳೆಕಾಯಿಯವಳ ಹತ್ತಿರ ತಮ್ಮ ನಿಂತಿದ್ದ. ಬೆನ್ನು ಈ ಕಡೆಗೆ. ಅದೇ ಬಗ್ಗಿದ ಕತ್ತು. ಕೊಸರು ಕೇಳುತ್ತಿದ್ದ! ಹಿಂದೆ ಹೋದೆ. ನಾನು ಹೋದಷ್ಟೂ ಅವನು ಮುಂದೆ. ಕೊಳ್ಳೇಗಾಲದ ಬಸ್ಸು ಹತ್ತಿದ. ನಾನೂ ಹತ್ತಿದೆ. ಭುಜ ಹಿಡಿದೆ.

"ಯಾಕ್ ಯಜಮಾನ್ರೆ? ಚಿಲ್ರೆ ಬೇಕಿತ್ತಾ?"

ಯಾರೋ ಪುಣ್ಯಾತ್ಮ. ಹಲ್ಲು ಉಬ್ಬು.

ಇದು ಮೊದಲ ಸಲವಲ್ಲ. ಆ ವಕೀಲ ಹೇಳಿದಂದಿನಿಂದ ಹೀಗೆ. ಅವನು ಸುಳ್ಳು ಹೇಳಿದ, ಗೊತ್ತು. ಫೀಸು ತೆಗೆದುಕೊಂಡು ಹೇಳಿದ. ಆದರೆ ತಮ್ಮ ಬದುಕಿದ್ದಾನೆ ಅಂತ ಬಾಯಿ ಬಿಟ್ಟು ಹೇಳಿದವನು ಈ ಭೂಮಿಯ ಮೇಲೆ ಅವನೊಬ್ಬನೇ. ನನ್ನ ಕಿವಿಯೊಳಗೆ ತಮ್ಮ ಕರೆದದ್ದು ಇದೆ. ನಿಂತದ್ದು ಇಲ್ಲ. ನನಗೆ ಎಚ್ಚರ ತಪ್ಪಿತು, ಅವನು ಕರೆಯುತ್ತಲೇ ಇದ್ದ.

12 ಆಗಸ್ಟ್

ನಮ್ಮ ವಕೀಲರು ತಮಿಳಿನವರು, ಒಳ್ಳೆಯವರು. ಸುತ್ತಿ ಬಳಸದೆ ಹೇಳಿದರು. ಸಮಾಧಿ ತೆರೆಸಬೇಕು. ತಹಸೀಲ್ದಾರರು, ಡಾಕ್ಟರು ಬರುತ್ತಾರೆ. ಕಾಲು ಮುರಿದಿದ್ದರೆ ಮೂಳೆ ಹೇಳುತ್ತದೆ. ಒಡಹುಟ್ಟಿದವರು ನಿಂತು ಇವನೇ ಅಂತ ಗುರುತು ಹಿಡಿಯಬೇಕು. ಅಂದರೆ ನಾನು.

ಆಗುವುದಿಲ್ಲ ಅಂದೆ. ಲಿಂಗೈಕ್ಯನಾದವನನ್ನು ಎಬ್ಬಿಸುವುದುಂಟೇ? ಊರು ಒಪ್ಪುವುದಿಲ್ಲ, ಮಠ ಒಪ್ಪುವುದಿಲ್ಲ. ಜೋರಾಗಿಯೇ ಹೇಳಿದೆ. ಚಿಕ್ಕಪ್ಪ ಪಕ್ಕದಲ್ಲಿ ಹೌದು ಹೌದು ಅಂದರು.

30 ಆಗಸ್ಟ್

ಚಿಕ್ಕಪ್ಪ ಮಠದ ಅಯ್ಯನವರನ್ನು ಕರೆತಂದಿದ್ದರು, ನನ್ನ ಮಾತಿಗೆ ಬಲವಾಗಲಿ ಅಂತ. ಅಯ್ಯನವರು ಮಜ್ಜಿಗೆ ಕುಡಿದು ಹೇಳಿದರು:

"ಲಿಂಗ ಅವನ ಕಯ್ಯಲ್ಲದ. ಮಣ್ಣು ತಗುದ್ರೆ ಲಿಂಗ ಓಡೋಯ್ತದಾ? ನಾನೇ ಬಂದು ನಿಂತ್ಕತೀನಿ, ಮತ್ತೆ ಕೂರ್ಸದ್ನು ನಾನೇ ಮಾಡ್ತೀನಿ."

ಚಿಕ್ಕಪ್ಪನ ಮುಖ ನೋಡಬೇಕಿತ್ತು. ನನ್ನದು ಹೇಗಿತ್ತೋ. ಆದರೂ ನಾನು ಬೇಡ ಅಂದೆ. ಯಾಕೆ ಅಂತ ಅಯ್ಯನವರು ಕೇಳಿದರು. ಮಜ್ಜಿಗೆ ಲೋಟ ಎತ್ತಿ ಒಳಗಿಟ್ಟು ಬಂದೆ.

ಅವರು ಹೋದ ಮೇಲೆ ಶಾಂತಮಲ್ಲಮ್ಮ ಒಳಗಿಂದ ಬಂದಳು. ಮದುವೆಯಾಗಿ ಬಂದಾಗಿನಿಂದ ನನ್ನೆದುರು ಕೂತವಳಲ್ಲ. ಇವತ್ತು ಕಂಬಕ್ಕೆ ಒರಗಿ ಕೂತಳು.

"ಭಾವ, ನೀವು ನಗ್ರದಲ್ಲಿ ಯಾರ್ಯಾರ್ನೊ ಇಡ್ಕಂಡು ಮೊಕ ನೋಡ್ತೀರಂತೆ."

ಯಾರು ಹೇಳಿದರು ಅಂದೆ.

"ಊರೆಲ್ಲ ಆಡ್ಕತದ. ಅವ್ನು ಬದುಕವ್ನೆ, ಅದ್ಕೆ ಅಣ್ಣ ಉಡುಕ್ತಾನೆ ಅಂತ. ಆ ವಕೀಲ ಗೋಬೀಲಿ ಕೇಳದ್ನ ಇಲ್ಲಿ ನೀರ್ ಸೇದೊ ತಾವು ನನ್ನ ಕೇಳ್ತಾರೆ."

ನಾನು ತಲೆ ತಗ್ಗಿಸಿದೆ.

"ನಾ ಮೊಕ ತೊಳ್ದೆ ಭಾವ. ಗಾಜ್ನ ಚೂರ ಒಂದೊಂದಾಗಿ ತಗುದೆ. ಈ ಕಯ್ಯಲ್ಲೇ ಈಬೂತಿ ಬಳ್ದಿವ್ನಿ. ನಿಮ್ಗೆ ಬಸ್ ಸ್ಟ್ಯಾಂಡಲ್ಲಿ ಕಾಣ್ತಾರೆ, ಸಂತೇಲಿ ಕಾಣ್ತಾರೆ. ನಂಗೊಂದಿನ ಎಲ್ಲೂ ಕಂಡಿಲ್ಲ. ಸತ್ತೋರ ಎಡ್ತಿ ಅಂತ್ಲಾರ ನನ್ನ ಅನ್ಸಿ. ಗಂಡನ್ನ ಬಚ್ಚಿಟ್ಟೋಳು ಅನ್ಸ್‌ಬ್ಯಾಡಿ."

ಎದ್ದು ಹೋದಳು. ಒಲೆಯ ಮೇಲೆ ಏನೋ ಸೀಯುತ್ತಿತ್ತು.

31 ಆಗಸ್ಟ್

ವಕೀಲರಿಗೆ ಹೂಂ ಅಂತ ಹೇಳಿ ಕಳಿಸಿದೆ.

18 ಅಕ್ಟೋಬರ್, ಬೆಳಿಗ್ಗೆ

ಜೀಪು ಬಂದಿದೆ. ತಹಸೀಲ್ದಾರರು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದಾರೆ. ಡಾಕ್ಟರು ಚಿಕ್ಕ ವಯಸ್ಸಿನವರು, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮತ್ತೆ ಬಿಚ್ಚಿಕೊಂಡರು, ನಮಗೆ ಬೇಜಾರಾದೀತು ಅಂತ. ಸಮಾಧಿಯ ಸುತ್ತ ಪಂಚೆಗಳ ಮರೆ ಕಟ್ಟಿದ್ದಾರೆ. ಅಯ್ಯನವರು ಹೇಳಿದ ಮಾತಿನಂತೆ ಬಂದು ನಿಂತಿದ್ದಾರೆ. ನಾನು ಮೋಟರ್ ಮನೆಯೊಳಗೆ ಬಂದೆ, ನೀರು ಕುಡಿದು ಬರುತ್ತೇನೆ ಅಂತ.

ಗುದ್ದಲಿ ಸದ್ದು ಇಲ್ಲಿಗೂ ಕೇಳುತ್ತದೆ. ಈಗ ಗುದ್ದಲಿ ನಿಂತಿತು. ಕೈಯಲ್ಲಿ ಮಣ್ಣು ತೆಗೆಯುತ್ತಿದ್ದಾರೆ ಅಂತ ಕಾಣುತ್ತದೆ. 

ಶಾಂತಮಲ್ಲಮ್ಮ ಮರೆಯ ಹತ್ತಿರವೇ ನಿಂತಿದ್ದಾಳೆ. ಹೆಂಗಸರು ದೂರ ಇರಿ ಅಂದರೂ ಕದಲಲಿಲ್ಲ. ಅವಳಿಗೆ ಬೇಕಾದದ್ದು ಒಂದು ಮಾತು, ಇವನೇ ನನ್ನ ತಮ್ಮ ಅಂತ. ಹೇಳುತ್ತೇನೆ. ಹೇಳಲೇಬೇಕು. ಆದರೆ ಹೇಳಿದ ಮೇಲೆ... ನೋಡಿ, ನಿನ್ನೆಯವರೆಗೂ ಎಲ್ಲೋ ಒಂದು ಕಡೆ ಅವನು ಕಳ್ಳೆಕಾಯಿ ತಿನ್ನುತ್ತಿದ್ದ. ಅದು ಇನ್ನು ಇಲ್ಲ. ಹಲಗೆಯ ಮೇಲೆ ಎಂಟು ಅಂತ ಬರೆಯುತ್ತಾರೋ ಬಿಡುತ್ತಾರೋ, ನನಗೆ ಮಾತ್ರ ಅವನು ಇವತ್ತು ಸಾಯುತ್ತಾನೆ. ಅದೂ ನನ್ನ ಬಾಯಿಂದ. ಈಗಲೂ ಮನಸ್ಸು ಏನು ಹೇಳುತ್ತಿದೆ ಗೊತ್ತೇ, ಪಂಚೆ ಸರಿಸಿದಾಗ ಅಲ್ಲಿ ಬರೀ ವಿಭೂತಿ —

"ಭಾವ... ಭಾವ, ಬನ್ನಿ."

ಅವಳೇ. ಬಾಗಿಲಿಗೆ ಬಂದಿದ್ದಾಳೆ.

"ಭುಜ ಕಾಣ್ತಾ ಅದ. ಕುಂತಂಗೇ ಕುಂತವ್ರೆ. ಡಾಕ್ಟ್ರು ನಿಮ್ಮುನ್ನ ಕರೀತಾವ್ರೆ."

ಓ... ಬಂದೆ ಕಣವ್ವ. ಬಂದೆ. ಇದೊಂದು ಆಫ್ ಮಾಡಿ —